ಮನೆ ಖಾಲಿ ಮಾಡೋ ದಿನ: ಅಡ್ವಾನ್ಸ್, ಪೇಂಟಿಂಗ್ ಮತ್ತು ಒಂದು ಹಾಳೆಯ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)



ಮೇ ತಿಂಗಳು ಬಂತು ಅಂದ್ರೆ ನಮ್ಮ ಕಡೆ ಟೆಂಪೋದವರಿಗೆ ಬಿಡುವಿರಲ್ಲ. ಮಕ್ಕಳ ಪರೀಕ್ಷೆ ಮುಗಿದಿರುತ್ತೆ, ಕೆಲವರಿಗೆ ವರ್ಗಾವಣೆ ಆಗಿರುತ್ತೆ, ಆಷಾಢ ಶುರುವಾಗೋದ್ರೊಳಗೆ ಹೊಸ ಮನೇಲಿ ಹಾಲು ಉಕ್ಕಿಸಿಬಿಡಬೇಕು ಅನ್ನೋ ಆತುರ ಇರುತ್ತೆ. ಮಂಚ, ಬೀರು, ಗ್ರೈಂಡರ್, ತುಳಸಿ ಕುಂಡ ಎಲ್ಲಾ ಟೆಂಪೋ ಹತ್ತುತ್ತೆ. ಹತ್ತದೆ ಹಳೇ ಮನೇಲೇ ಉಳಿಯೋದು ಒಂದೇ, ಅಡ್ವಾನ್ಸ್.

ನಾನು ಚಿಂತಾಮಣಿ, ಶಿಡ್ಲಘಟ್ಟ ಕೋರ್ಟುಗಳಲ್ಲಿ ಹದಿನೆಂಟು ವರ್ಷದಿಂದ ವಕೀಲಿ ಮಾಡ್ತಿದೀನಿ. ಚಿಕ್ಕಬಳ್ಳಾಪುರ, ಗೌರಿಬಿದನೂರಿನಿಂದಲೂ ಜನ ಹುಡುಕಿಕೊಂಡು ಬರ್ತಾರೆ. ಜಮೀನು, ವಿಭಾಗ, ಚೆಕ್ ಬೌನ್ಸ್ ಕೇಸುಗಳ ನಡುವೆ ಪ್ರತಿ ವರ್ಷ ಈ ಹೊತ್ತಿಗೆ ಇನ್ನೊಂದು ಬಗೆಯವರು ಬಂದು ಕೂರ್ತಾರೆ. "ಮೇಡಂ, ಮನೆ ಬಿಟ್ಟು ಎರಡು ತಿಂಗಳಾಯ್ತು, ಓನರ್ ಅಡ್ವಾನ್ಸ್ ಕೊಡ್ತಿಲ್ಲ. ಪೇಂಟಿಂಗ್‌ಗೆ ಅಂತ ಅರ್ಧ ಮುರ್ಕೊಂಡಿದಾರೆ" ಅಂತಾರೆ. ಅದೇ ವಾರ ಇನ್ನೊಬ್ಬರು, "ಬಾಡಿಗೆಯವರು ಮೂರು ತಿಂಗಳು ಬಾಡಿಗೆ ಕೊಡದೆ, ಅಡ್ವಾನ್ಸಲ್ಲಿ ಮುರ್ಕೊಳ್ಳಿ ಅಂದ್ಬಿಟ್ಟು ಹೋದ್ರು. ಗೋಡೆ ನೋಡಿದ್ರೆ ಹೊಟ್ಟೆ ಉರಿಯುತ್ತೆ" ಅಂತಾರೆ. ಇಬ್ಬರ ಮಾತಲ್ಲೂ ಸುಳ್ಳಿರಲ್ಲ. ಆದ್ರೆ ಇಬ್ಬರ ಕೈಯಲ್ಲೂ ಕಾಗದ ಇರಲ್ಲ.

ಇವತ್ತು ಹೇಳಬೇಕಾಗಿರೋದು ಇಷ್ಟೇ. ಕೊನೇ ದಿನದ ಜಗಳ ನಿಜವಾಗಿ ಮೊದಲ ದಿನದ್ದು. ಬಂದ ದಿನ ಗೋಡೆ ಹೇಗಿತ್ತು ಅಂತ ಯಾರೂ ಬರೆದಿಟ್ಟಿರಲ್ಲ. ಹೋಗೋ ದಿನ ಅವರವರ ನೆನಪೇ ಅವರವರ ಸಾಕ್ಷಿ ಆಗುತ್ತೆ.

ನಮ್ಮಮ್ಮ ಹೊಡೆದ ಸುಣ್ಣ

ಮೊದಲು ನಮ್ಮ ಮನೆ ಕಥೆಯನ್ನೇ ಹೇಳ್ತೀನಿ. ನಾನು ಏಳನೇ ಕ್ಲಾಸಿನಲ್ಲಿದ್ದೆ. ಶಿಡ್ಲಘಟ್ಟದಲ್ಲಿ ನಮ್ಮಪ್ಪ ರೇಷ್ಮೆ ನೂಲು ಬಿಚ್ಚೋ ಕೆಲಸಕ್ಕೆ ಹೋಗ್ತಿದ್ರು. ಎರಡು ಅಂಕಣದ ಬಾಡಿಗೆ ಮನೆ, ಸೌದೆ ಒಲೆ. ಐದು ವರ್ಷ ಇದ್ದು ಬಿಡುವಾಗ ಮನೆಯವರು ಅಡುಗೆಮನೆ ಕರಿ ಹಿಡಿದಿದೆ ಅಂತ ನಾಲ್ಕು ಸಾವಿರ ಅಡ್ವಾನ್ಸ್ ಪೂರ್ತಿ ಹಿಡ್ಕೊಂಡ್ರು. ನಾವು ಆ ಮನೆಗೆ ಬಂದಾಗ ಗೋಡೆಯೆಲ್ಲ ಹುಡಿ ಉದುರ್ತಿತ್ತು. ಸುಣ್ಣ ನೆನೆಸಿ, ನೀಲಿ ಹಾಕಿ, ಎರಡು ಕೈ ಹೊಡೆದಿದ್ದು ನಮ್ಮಮ್ಮನೇ. ಅದನ್ನ ಅಮ್ಮ ಹೇಳಿದ್ರು. "ಯಾರು ನೋಡಿದ್ರು?" ಅಂದ್ರು ಅವರು. ಆ ವರ್ಷ ನನ್ನ ಶಾಲೆ ಫೀಸು, ಹೊಸ ಮನೆ ಅಡ್ವಾನ್ಸು ಎರಡಕ್ಕೂ ಸೇರಿ ಅಮ್ಮನ ಓಲೆ ಅಡವಿಗೆ ಹೋಯ್ತು.

ನಾಲ್ಕು ಸಾವಿರ ಈಗ ಚಿಕ್ಕ ಮೊತ್ತ ಅನ್ನಿಸಬಹುದು. ಆದ್ರೆ ಅಡ್ವಾನ್ಸ್ ಅನ್ನೋದು ಮೂಲೇಲಿ ಬಿದ್ದಿರೋ ದುಡ್ಡಲ್ಲ, ಮುಂದಿನ ಮನೆಯ ಬಾಗಿಲು ತೆಗೆಯೋ ದುಡ್ಡು. ಹಳೇ ಮನೆಯದು ಬರದೆ ಹೊಸ ಮನೆಯದು ಕಟ್ಟೋಕಾಗಲ್ಲ. ಆ ನಡುವಿನ ಒಂದು ವಾರದಲ್ಲೇ ಬಡ್ಡಿ ಸಾಲ ಹುಟ್ಟೋದು.

ಕಾನೂನು ಏನನ್ನುತ್ತೆ?

ವಾಟ್ಸಾಪಲ್ಲಿ ಒಂದು ಸಂದೇಶ ಓಡಾಡ್ತಿರುತ್ತೆ, "ಇನ್ಮೇಲೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳೋ ಹಾಗಿಲ್ಲ" ಅಂತ. ಅದು ಬಂದಿದ್ದು ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಿಂದ. ಹೆಸರೇ ಹೇಳುವ ಹಾಗೆ ಅದು ಮಾದರಿ. ಒಂದು ರಾಜ್ಯ ಅದನ್ನ ತನ್ನ ಕಾನೂನಾಗಿ ಮಾಡಿಕೊಂಡರೆ ಮಾತ್ರ ಅಲ್ಲಿ ನಡೆಯುತ್ತೆ. ಫಾರ್ವರ್ಡ್ ಸಂದೇಶ ತೋರಿಸಿ ಓನರ್ ಹತ್ರ ಜಗಳಕ್ಕೆ ಹೋಗಬೇಡಿ.

ಕರ್ನಾಟಕದ 1999ರ ಬಾಡಿಗೆ ಕಾಯ್ದೆ ಇದೆಯಲ್ಲ ಅಂತ ಕೇಳ್ತೀರಿ. ಇದೆ. ಆದ್ರೆ ತಿಂಗಳ ಬಾಡಿಗೆ ದೊಡ್ಡ ನಗರಗಳಲ್ಲಿ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ದಾಟಿದರೆ ಅದು ಅನ್ವಯಿಸಲ್ಲ. ಇವತ್ತು ಗೌರಿಬಿದನೂರಲ್ಲೂ ಎರಡು ಸಾವಿರಕ್ಕೆ ಒಂದು ಸಂಸಾರ ಹಿಡಿಸೋ ಮನೆ ಎಲ್ಲಿದೆ?

ಹಾಗಾಗಿ ನಮ್ಮ ಬಹುಪಾಲು ಮನೆಗಳಿಗೆ ಉಳಿಯೋದು ಎರಡು. ಒಂದು ನೀವು ಸಹಿ ಹಾಕಿದ ಕರಾರು ಪತ್ರ, ಇನ್ನೊಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಹಳೇ ಕಾನೂನು, ಆದ್ರೆ ಗೋಡೆ ಬಗ್ಗೆ ಸರಿಯಾದ ಮಾತು ಹೇಳುತ್ತೆ. ಅದರ 108ನೇ ಕಲಂ ಪ್ರಕಾರ ಬಾಡಿಗೆದಾರ ಮನೆಯನ್ನ ತಾನು ಪಡೆದ ಸ್ಥಿತಿಯಲ್ಲೇ ವಾಪಸ್ ಕೊಡಬೇಕು. ಆದರೆ ದಿನನಿತ್ಯದ ಬಳಕೆಯಿಂದ ಆಗುವ ಸಹಜ ಸವಕಳಿ ಅವನ ಲೆಕ್ಕಕ್ಕೆ ಬರಲ್ಲ. ಮನುಷ್ಯರು ಬದುಕಿದ ಮೇಲೆ ಬಣ್ಣ ಮಾಸುತ್ತೆ, ಹೊಸಿಲು ಸವೆಯುತ್ತೆ. ಅದರ ಬೆಲೆ ಬಾಡಿಗೆಯಲ್ಲೇ ಸೇರಿದೆ. ಇನ್ನೂ ಒಂದು ಮಾತು, ನೀವೇ ಹಾಕಿಸಿದ ಸಾಮಾನು, ಪರದೆ ಕಂಬಿನೋ ನೀರಿನ ಫಿಲ್ಟರ್ರೋ, ಮನೆ ನಿಮ್ಮ ವಶದಲ್ಲಿ ಇರುವಾಗಲೇ ಬಿಚ್ಚಿಕೊಂಡು ಹೋಗಬಹುದು. ಬಿಚ್ಚಿದ ತೂತು ಮುಚ್ಚಿ ಹೋಗಬೇಕು ಅಷ್ಟೇ.

ಇಲ್ಲೊಂದು ಎಚ್ಚರಿಕೆ. ಕರಾರಿನಲ್ಲಿ ಅಥವಾ ಊರಿನ ರೂಢಿಯಲ್ಲಿ ಬೇರೆ ಥರ ಇದ್ದರೆ ಅದಕ್ಕೂ ಬೆಲೆ ಉಂಟು ಅಂತ ಅದೇ ಕಲಂ ಹೇಳುತ್ತೆ. ಬೆಂಗಳೂರಲ್ಲಿ ಮನೆ ಬಿಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿಯೋದು ಪದ್ಧತಿ ಆಗಿಬಿಟ್ಟಿದೆ. ಆ ಪದ್ಧತಿ ಹೈವೇ ಹಿಡಿದು ನಮ್ಮಲ್ಲಿಗೂ ಬಂತು. ಹೇಗೆ ಬಂತು ಗೊತ್ತಾ? ಕೋರ್ಟ್ ಎದುರಿನ ಡಿಟಿಪಿ ಅಂಗಡಿಯಲ್ಲಿ ಬೆಂಗಳೂರಿನ ಯಾವುದೋ ಇಂಗ್ಲಿಷ್ ಅಗ್ರಿಮೆಂಟ್ ಒಂದಿರುತ್ತೆ. ಹೆಸರು, ವಿಳಾಸ ಬದಲಾಯಿಸಿ ಪ್ರಿಂಟ್ ಕೊಡ್ತಾರೆ. ಓನರ್ ಮನೆಮಾತು ತೆಲುಗು, ಬಾಡಿಗೆಯವರದು ಕನ್ನಡ ಅಥವಾ ಉರ್ದು, ಕರಾರು ಇಂಗ್ಲಿಷು. ಮೂರನೇ ಪುಟದ ಒಂಬತ್ತನೇ ಸಾಲಲ್ಲಿ ಏನಿದೆ ಅಂತ ಇಬ್ಬರೂ ಓದಿರಲ್ಲ. ಆದರೆ ಸಹಿ ಇದ್ದರೆ ಅದು ನಿಮ್ಮ ಮಾತೇ. ಅದಕ್ಕೇ ಹೇಳೋದು, ಕರಾರನ್ನ ಕನ್ನಡದಲ್ಲಿ ಬರೆಸಿ. ಯಾರೂ ಬೇಡ ಅನ್ನಲ್ಲ.

ಒಂದು ತಿಂಗಳ ಬಾಡಿಗೆ ಅಂತ ಬರೆದಿದ್ದು ನೀವು ಒಪ್ಪಿದ್ದರೆ, ಅದನ್ನ ಕೊಡಿ. ಓನರ್‌ಗೆ ಹೇಳೋ ಮಾತೂ ಇದೆ. ಆ ದುಡ್ಡು ಪೇಂಟಿಂಗ್‌ಗೇ ಅಂತ ತಗೊಂಡ ಮೇಲೆ ಪೇಂಟರ್ ಬಿಲ್ ಅಂತ ಮತ್ತೊಂದು ಸಲ ಕೇಳೋ ಹಾಗಿಲ್ಲ.

ಮಾದರಿ ಕಾಯ್ದೆ ನಮಗೆ ಕಾನೂನಲ್ಲದಿದ್ದರೂ ಮಾತುಕತೆಗೆ ಒಳ್ಳೇ ಅಳತೆಗೋಲು. ಯಾವ ರಿಪೇರಿ ಯಾರದು ಅಂತ ಅದರಲ್ಲಿ ಪಟ್ಟಿ ಇದೆ. ಗೋಡೆಗೆ ಸುಣ್ಣಬಣ್ಣ, ಬಾಗಿಲು ಕಿಟಕಿಗೆ ಪೇಂಟು, ಪೈಪು, ವೈರಿಂಗು ಮಾಲೀಕರದು. ನಲ್ಲಿಯ ವಾಷರ್, ಸ್ವಿಚ್ಚು, ಸಾಕೆಟ್ಟು, ಕಿಟಕಿ ಗಾಜು, ಚರಂಡಿ ಕ್ಲೀನಿಂಗು, ಗೀಸರ್ ರಿಪೇರಿ ಬಾಡಿಗೆದಾರರದು. ಜಗಳ ಶುರುವಾದಾಗ ಈ ಪಟ್ಟಿ ಓದಿ ಹೇಳಿದ್ರೆ ಅರ್ಧ ಜನ ಒಪ್ಪಿಬಿಡ್ತಾರೆ. ಯಾಕಂದ್ರೆ ಅದು ಎರಡೂ ಕಡೆಯವರಿಗೆ ಒಂದಿಷ್ಟು ಭಾರ ಹೊರಿಸುತ್ತೆ.

ಮೂವತ್ತನಾಲ್ಕು ಸಾವಿರ ಎಂಟು ಸಾವಿರ ಆದ ಬಗೆ

ಈಗ ಒಂದು ನಿಜವಾದ ಲೆಕ್ಕ. ಹೆಸರು ಹೇಳಲ್ಲ. ಚಿಕ್ಕಬಳ್ಳಾಪುರದಲ್ಲಿ ಒಬ್ಬ ನರ್ಸ್, 2020ರ ಕೊನೆಯಲ್ಲಿ ಮನೆಗೆ ಬಂದವರು, 2025ರ ಮೇನಲ್ಲಿ ಬಿಟ್ಟರು. ಅಡ್ವಾನ್ಸ್ 60,000. ಮನೆ ಮಾಲೀಕರು ನಿವೃತ್ತ ನೌಕರರು, ಕೆಟ್ಟವರೇನಲ್ಲ. ಅವರ ಚೀಟಿ ಹೀಗಿತ್ತು: ಇಡೀ ಮನೆ ಪೇಂಟಿಂಗ್ 22,000. ಬಾತ್‌ರೂಮ್ ಟೈಲ್ಸ್ ಮತ್ತು ನಲ್ಲಿಗಳು 6,000. ಅಡುಗೆಮನೆಯಲ್ಲಿ ಒಡೆದ ಗ್ರಾನೈಟ್ 3,500. ಎರಡು ಸ್ವಿಚ್‌ಬೋರ್ಡ್ 900. ನೀರು, ಕರೆಂಟ್ ಬಾಕಿ 1,600. ಒಟ್ಟು 34,000.

ಆಯಮ್ಮ ಅಳ್ತಾ ಬಂದ್ರು. ಅವರ ಒಪ್ಪಿಗೆ ತಗೊಂಡು ನಾನು ಓನರ್‌ಗೆ ಫೋನ್ ಮಾಡಿದೆ. "ಸಾರ್, ನೋಟಿಸ್ ಕೊಡೋಕೆ ಮುಂಚೆ ಒಂದು ಗಂಟೆ ಮನೆಯಲ್ಲೇ ಕೂತು ನೋಡೋಣ್ವಾ?" ಅಂದೆ. ಒಪ್ಪಿದ್ರು. ಒಂದು ಹಾಳೆ ತಗೊಂಡು ಮೂರು ಕಾಲಂ ಹಾಕಿದೆವು. ಮೊದಲನೇದು ಸವಕಳಿ, ಎರಡನೇದು ಹಾನಿ, ಮೂರನೇದು ಬಾಕಿ. ಒಂದೊಂದು ಕೋಣೆಗೂ ಹೋಗಿ ಒಂದೊಂದನ್ನೂ ಒಂದು ಕಾಲಂಗೆ ಹಾಕೋದು, ಇಷ್ಟೇ ನಿಯಮ.

ಪೇಂಟಿಂಗ್ ಯಾವಾಗ ಆಗಿದ್ದು ಸಾರ್ ಅಂದೆ. "2019ರಲ್ಲಿ, ಗೃಹಪ್ರವೇಶಕ್ಕೆ." ಅಂದ್ರೆ ಐದು ವರ್ಷ ದಾಟಿದ ಬಣ್ಣ. ಈಕೆ ಇರಲಿ, ಅವರ ಸ್ವಂತ ಮಗಳೇ ಇರಲಿ, ಈಗ ಬಳಿಸಲೇಬೇಕಿತ್ತು. ಸವಕಳಿ ಕಾಲಂ. ಆದರೆ ಮಗುವಿನ ಕೋಣೆಯ ಒಂದು ಗೋಡೆಯಲ್ಲಿ ಸ್ಟಿಕರ್ ಕಿತ್ತು ಪುಟ್ಟಿಯೇ ಎದ್ದುಬಂದಿತ್ತು. ಅದು ಹಾನಿ. ಪೇಂಟರ್‌ಗೆ ಅಲ್ಲಿಂದಲೇ ಫೋನ್ ಮಾಡಿದೆವು, ಆ ಗೋಡೆಗೆ 1,800 ಅಂದ.

ಬಾತ್‌ರೂಮ್ ಟೈಲ್ಸ್ ಮೇಲೆ ಬಿಳಿ ಕಲೆ. ನಮ್ಮ ಜಿಲ್ಲೆಯ ಬೋರ್‌ವೆಲ್ ನೀರು ಕುಡಿದವರಿಗೆ, ಸ್ನಾನ ಮಾಡಿದವರಿಗೆ ಇದನ್ನ ವಿವರಿಸಬೇಕಾಗಿಲ್ಲ. ಗಡಸು ನೀರು ಆರಿದ ಕಡೆಯೆಲ್ಲ ಉಪ್ಪು ಕೂರುತ್ತೆ. ಓನರ್ ಮನೆಯ ಬಾತ್‌ರೂಮಿಗೇ ಹೋಗಿ ನೋಡಿದೆವು, ಅಲ್ಲೂ ಅದೇ ಕಲೆ. ಅವರೇ ನಕ್ಕುಬಿಟ್ರು. ಸವಕಳಿ. ಒಂದು ನಲ್ಲಿಯ ಹಿಡಿ ಮುರಿದಿತ್ತು, 700. ಗ್ರಾನೈಟ್ ಒಡೆದಿದ್ದು ರುಬ್ಬೋ ಗುಂಡು ಬಿದ್ದು ಅಂತ ಆಯಮ್ಮನೇ ಒಪ್ಪಿಕೊಂಡ್ರು, 3,500 ಪೂರ್ತಿ. ಒಂದು ಸ್ವಿಚ್‌ಬೋರ್ಡ್ ಒಳಗಿನ ವೈರಿಂಗ್ ಸುಟ್ಟು ಹೋಗಿದ್ದು, ಅದು ಮಾಲೀಕರದು. ಇನ್ನೊಂದು ಬಿರುಕು ಬಿಟ್ಟಿದ್ದು, 450. ಬಾಕಿ 1,600.

ಕೂಡಿಸಿ: 1,800, 700, 3,500, 450, 1,600. ಒಟ್ಟು 8,050. ವಾಪಸ್ ಬರಬೇಕಾದ್ದು 51,950.

ಆಮೇಲೆ ನಿಜವಾದ ಕಷ್ಟ ಹೊರಗೆ ಬಂತು. ಮಾಲೀಕರ ಕೈಯಲ್ಲಿ ಅಷ್ಟು ದುಡ್ಡೇ ಇರಲಿಲ್ಲ. ಅಡ್ವಾನ್ಸ್ ಹಿಂದೆಯೇ ಮಗನ ಫೀಸಿಗೆ ಹೋಗಿತ್ತು. ಹೊಸ ಬಾಡಿಗೆಯವರು ಬಂದು ಕೊಟ್ಟಾಗ ಇವರಿಗೆ ಕೊಡೋದು ಅಂತ ಲೆಕ್ಕ ಹಾಕಿದ್ರು. ಅದನ್ನ ಬಾಯಿ ಬಿಟ್ಟು ಹೇಳೋಕೆ ಮುಜುಗರ ಆಗಿ ಗೋಡೆಯ ಮೇಲೆ ಹಾಕಿದ್ರು. ನಾನು ನೋಡಿದ ಪೇಂಟಿಂಗ್ ಜಗಳಗಳಲ್ಲಿ ಎಷ್ಟೋ ಹೀಗೇನೇ, ಹೊರಗೆ ಬಣ್ಣ, ಒಳಗೆ ಖಾಲಿ ಜೇಬು. ಗೊತ್ತಾದ ಮೇಲೆ ದಾರಿ ಸುಲಭ ಆಯ್ತು. ಬೀಗದ ಕೈ ಕೊಟ್ಟ ದಿನ 30,000 ಖಾತೆಗೆ, ಉಳಿದ 21,950ಕ್ಕೆ ಒಂದು ತಿಂಗಳ ಮುಂದಿನ ತಾರೀಕಿನ ಚೆಕ್ಕು. ಹಾಳೆಗೆ ಇಬ್ಬರ ಸಹಿ. ಚೆಕ್ಕು ಪಾಸಾಯ್ತು.

ಬಣ್ಣಕ್ಕೂ ವಯಸ್ಸಿದೆ

ಬಣ್ಣ ಹಳೇದಾಗಿರಲಿಲ್ಲ ಅಂದ್ರೆ ಏನು ಮಾಡೋದು? ನಾನು ಮಾತುಕತೆಯಲ್ಲಿ ಬಳಸೋ ಒಂದು ಲೆಕ್ಕ ಇದೆ. ಇದು ಕಾನೂನಿನ ಸೂತ್ರ ಅಲ್ಲ, ಇಬ್ಬರೂ ಒಪ್ಪಿದರೆ ಮಾತ್ರ. ಬಣ್ಣದ ಆಯುಷ್ಯ ಐದು ವರ್ಷ ಅಂತ ಇಟ್ಟುಕೊಳ್ಳಿ. ಬಳಿಸೋಕೆ 20,000 ಆಗುತ್ತೆ. ಹೊಸ ಬಣ್ಣದ ಮನೆಗೆ ಬಂದು ಮೂರು ವರ್ಷ ಇದ್ದವರು ಗೋಡೆ ನಿಜವಾಗಿ ಹಾಳು ಮಾಡಿದಾರೆ. ಇನ್ನೂ ಎರಡು ವರ್ಷ ಬರಬೇಕಿದ್ದ ಬಣ್ಣ ಹೋಯ್ತು. ಐದರಲ್ಲಿ ಎರಡು ಪಾಲು, 8,000 ಅವರ ಪಾಲು. ಹಾಳು ಮಾಡಿಲ್ಲ, ಸುಮ್ಮನೆ ಮಾಸಿದೆ ಅಂದ್ರೆ ಸೊನ್ನೆ. ಹಳೇ ಬಣ್ಣ ಕೊಟ್ಟು ಹೊಸ ಬಣ್ಣ ವಸೂಲಿ ಮಾಡೋದು ನ್ಯಾಯ ಅಲ್ಲ.

ತೇವದ ಮಾತು ಬೇರೆ. ಮೇಲಿನ ಮಹಡಿಯ ಬಾತ್‌ರೂಮಿಂದಲೋ ತಾರಸಿಯಿಂದಲೋ ನೀರಿಳಿದು ಚಕ್ಕೆ ಎದ್ದರೆ ಅದು ಕಟ್ಟಡದ ದೋಷ. ಆದರೆ ಕಂಡ ದಿನವೇ ಓನರ್‌ಗೆ ಫೋಟೋ ಸಮೇತ ತಿಳಿಸಿ. ಮೂರು ಮಳೆಗಾಲ ಸುಮ್ಮನಿದ್ದು ಹೋಗೋ ದಿನ ಹೇಳಿದ್ರೆ ನಿಮ್ಮ ಮಾತಿಗೆ ತೂಕ ಕಮ್ಮಿ. ಶಿಡ್ಲಘಟ್ಟದಲ್ಲಿ ಮನೆಯಲ್ಲೇ ಚರಕ ಇಟ್ಟು ಗೂಡು ಬೇಯಿಸುವವರದು ಇನ್ನೊಂದು ವಿಷಯ. ಹಬೆ, ಹೊಗೆ, ನೀರು ಗೋಡೆಯನ್ನ ತಿನ್ನುತ್ತೆ. ವಾಸಕ್ಕೆ ಅಂತ ಕರಾರು ಮಾಡಿ ಕಸುಬು ನಡೆಸಿದ್ರೆ ಸಹಜ ಸವಕಳಿ ಅನ್ನೋ ವಾದ ನಿಲ್ಲಲ್ಲ. ಕಸುಬಿಗೂ ಸೇರಿ ಅಂತ ಮೊದಲೇ ಬರೆಸಿಕೊಳ್ಳಿ.

ಬಾಡಿಗೆಯವರಿಗೆ, ಮಾಲೀಕರಿಗೆ

ಬಾಡಿಗೆಯವರು ಮಾಡಬೇಕಾದ್ದು: ಮನೆಗೆ ಬಂದ ದಿನ, ಸಾಮಾನು ಇಳಿಸೋಕೆ ಮುಂಚೆ, ಪ್ರತಿ ಗೋಡೆ, ನಲ್ಲಿ, ಸ್ವಿಚ್ಚು, ಮೀಟರ್ ಫೋಟೋ ತೆಗೆದು ಅವತ್ತೇ ಓನರ್ ವಾಟ್ಸಾಪಿಗೆ ಕಳಿಸಿ. ತಾರೀಕು ಇಬ್ಬರ ಫೋನಲ್ಲೂ ಉಳಿಯುತ್ತೆ. ಆ ಫೋನು, ಆ ಸಂದೇಶ ಅಳಿಸಬೇಡಿ. ಅಡ್ವಾನ್ಸನ್ನ ಬ್ಯಾಂಕ್ ಮೂಲಕವೇ ಕೊಡಿ. ನಗದು ಕೊಟ್ಟರೆ ರಸೀದಿ ತಗೊಳ್ಳಿ.

ಬಿಡುವಾಗ ಕರಾರಿನಲ್ಲಿ ಎಷ್ಟು ದಿನದ ನೋಟಿಸ್ ಅಂತಿದೆಯೋ ಅಷ್ಟು ಮುಂಚೆ ಬರವಣಿಗೆಯಲ್ಲಿ ತಿಳಿಸಿ. ಕರಾರೇ ಇಲ್ಲದ ತಿಂಗಳ ಬಾಡಿಗೆಗೆ ಕಾಯ್ದೆ ಹೇಳೋದು ಹದಿನೈದು ದಿನ. ಆ ಹದಿನೈದು ದಿನದಲ್ಲೇ ಓನರ್‌ನ ಕರೆದು ಮನೆ ತೋರಿಸಿ. ಆಗ ಕಂಡ ಹಾನಿಯನ್ನ ನೀವೇ ನಿಮ್ಮ ಪೇಂಟರ್, ಪ್ಲಂಬರ್ ಕರೆಸಿ ಸರಿ ಮಾಡಿಸಬಹುದು. ಹೋದ ಮೇಲೆ ಓನರ್ ಮಾಡಿಸಿದ್ರೆ ಅವರು ಹೇಳಿದ ರೇಟು.

ಕೊನೇ ಕರೆಂಟ್ ಬಿಲ್ ಕಟ್ಟಿ. ಗೃಹಜ್ಯೋತಿಗೆ ಆ ಮನೆಯ ಆರ್‌ಆರ್ ನಂಬರ್ ಜೊತೆ ನಿಮ್ಮ ಆಧಾರ್ ಜೋಡಿಸಿದ್ದರೆ ಡಿ-ಲಿಂಕ್ ಮಾಡಿಸಿ ಹೋಗಿ. ಇಲ್ಲದಿದ್ರೆ ಮುಂದೆ ಬರುವವರಿಗೆ ತೊಂದರೆ, ಆ ಸಿಟ್ಟು ನಿಮ್ಮ ಅಡ್ವಾನ್ಸ್ ಮೇಲೆ ತಿರುಗುತ್ತೆ.

"ದುಡ್ಡು ಬರೋವರೆಗೂ ಬೀಗದ ಕೈ ಕೊಡಲ್ಲ" ಅಂತ ಕೆಲವರು ಕೂರ್ತಾರೆ. ತಿಂಗಳ ಬಾಡಿಗೆ ಮನೆಯಲ್ಲಿ ಇದು ತಿರುಗುಬಾಣ. ಮನೆ ನಿಮ್ಮ ವಶದಲ್ಲಿದ್ದಷ್ಟು ದಿನ ಅವರು ಬಾಡಿಗೆ ಕೇಳಬಹುದು. ಬೀಗದ ಕೈ ಮತ್ತು ದುಡ್ಡು ಒಂದೇ ಮೇಜಿನ ಮೇಲೆ, ಒಂದೇ ಹೊತ್ತಿಗೆ ಕೈ ಬದಲಾಗೋ ಹಾಗೆ ದಿನ ಗೊತ್ತು ಮಾಡಿ.

ಮಾಲೀಕರಿಗೆ ಎರಡು ಮಾತು. ಅಡ್ವಾನ್ಸ್ ನಿಮ್ಮ ದುಡ್ಡಲ್ಲ, ನಿಮ್ಮ ಹತ್ರ ಇರೋ ಅವರ ದುಡ್ಡು. ಆದಷ್ಟು ಎಫ್‌ಡಿಯಲ್ಲಿಡಿ. ಎರಡನೇದು, ಮುರ್ಕೊಳ್ಳೋದಿದ್ರೆ ಬಿಲ್ ತೋರಿಸಿ. ಗೌರಿಬಿದನೂರಿನ ಒಬ್ಬ ಹಿರಿಯ ಹೆಣ್ಣುಮಗಳು ಒಂದು ನೋಟ್‌ಬುಕ್ ಇಟ್ಟಿದಾರೆ. ಯಾವ ವರ್ಷ ಬಣ್ಣ, ಯಾವ ತಿಂಗಳು ಮೋಟರ್ ರಿಪೇರಿ, ಯಾರ ಬಾಡಿಗೆ ಎಷ್ಟು ಬಾಕಿ, ಎಲ್ಲ ಅದರಲ್ಲಿದೆ. ಅವರ ಬಾಡಿಗೆಯವನು ಮೂರು ತಿಂಗಳ ಬಾಕಿ ಇಟ್ಟು, ಇಲ್ಲ ಕೊಟ್ಟಿದೀನಿ ಅಂದಾಗ ಆ ನೋಟ್‌ಬುಕ್ಕೇ ಅವರನ್ನ ಕಾಪಾಡಿದ್ದು. ಪ್ರತಿ ತಿಂಗಳೂ ಅವನ ಸಹಿ ಇತ್ತು, ಆ ಮೂರು ತಿಂಗಳು ಇರಲಿಲ್ಲ.

ಮಾತು ಮುರಿದರೆ?

ಪೊಲೀಸ್ ಠಾಣೆ ಅಡ್ವಾನ್ಸ್ ವಸೂಲಿ ಕಚೇರಿಯಲ್ಲ. ಹೊಡೆದಾಟ, ಬೆದರಿಕೆ ಇದ್ದರೆ ಹೋಗಿ. ಲೆಕ್ಕದ ಜಗಳ ಸಿವಿಲ್ ವ್ಯಾಜ್ಯ. ಮೊದಲು ನೀವೇ ಒಂದು ಪತ್ರ ಬರೆಯಿರಿ. ಎಷ್ಟು ಕೊಟ್ಟಿದ್ದೆ, ಯಾವ ದಿನ ಬೀಗದ ಕೈ ಕೊಟ್ಟೆ, ಎಷ್ಟು ಬರಬೇಕು, ಎಷ್ಟು ದಿನದೊಳಗೆ ಅಂತ ಬರೆದು ಅಂಚೆಯಲ್ಲಿ ಸ್ವೀಕೃತಿ ಸಿಗೋ ಹಾಗೆ ಕಳಿಸಿ. ಬೈಗುಳ ಬೇಡ. ಮುಂದೆ ನ್ಯಾಯಾಧೀಶರು ಓದೋ ಕಾಗದ ಅದು.

ಆಮೇಲೆ ನಿಮ್ಮ ಊರಿನ ಕೋರ್ಟ್ ಆವರಣದಲ್ಲಿರೋ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ಚಿಕ್ಕಬಳ್ಳಾಪುರದಲ್ಲಾದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಕೇಸ್ ಹಾಕೋಕೆ ಮುಂಚೆಯೇ ವಿಷಯವನ್ನ ಲೋಕ ಅದಾಲತ್‌ಗೆ ತರಬಹುದು, ಕೋರ್ಟ್ ಫೀ ಇಲ್ಲ. ಅಲ್ಲಿ ಆದ ರಾಜಿಗೆ 1987ರ ಕಾನೂನು ಸೇವೆಗಳ ಕಾಯ್ದೆಯಡಿ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬೆಲೆ, ಮೇಲ್ಮನವಿ ಇಲ್ಲ. ಎದುರಿನವರು ಬಂದು ಒಪ್ಪಬೇಕು ಅನ್ನೋದೊಂದೇ ಷರತ್ತು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರ ನೆರವೂ ಸಿಗುತ್ತೆ. ಸಹಾಯವಾಣಿ 15100.

ಕೊನೇ ದಾರಿ ಸಿವಿಲ್ ದಾವೆ. ದುಡ್ಡು ಬರಬೇಕಾದ ದಿನದಿಂದ ಮೂರು ವರ್ಷದೊಳಗೆ ಹಾಕಬೇಕು. ಎಂಟು ಸಾವಿರಕ್ಕೆ ವರ್ಷಗಟ್ಟಲೆ ಅಲೆಯೋದು ಬೇಕಾ ಅಂತ ಯೋಚಿಸಿ. ನಾನು ವಕೀಲಳಾಗಿಯೇ ಈ ಮಾತು ಹೇಳ್ತಿದೀನಿ.

ಮುಗಿಸೋಕೆ ಮುಂಚೆ ಒಂದು ತಪ್ಪೊಪ್ಪಿಗೆ. ಕೆಲವು ವರ್ಷದ ಹಿಂದೆ ನಮ್ಮ ಮನೆಯ ಮೇಲಿನ ಮಹಡಿ ಬಾಡಿಗೆಗೆ ಕೊಟ್ಟಿದ್ದೆ. ಅವರು ಬಿಡೋ ದಿನ ನಾನು ಅಡುಗೆಮನೆಗೆ ಹೋಗಿ ಮುಖ ಸಿಂಡರಿಸಿ, "ಏನಮ್ಮಾ, ಒಗ್ಗರಣೆ ಕಲೆ ಇಷ್ಟೊಂದು" ಅಂದೆ. ಮನಸ್ಸಲ್ಲಿ ಆಗಲೇ ಐದು ಸಾವಿರ ಮುರಿದಾಗಿತ್ತು. ಹಿಂದೆ ನಿಂತಿದ್ದ ನಮ್ಮಮ್ಮ, "ಅಡುಗೆ ಮಾಡಿದ್ರೆ ಒಗ್ಗರಣೆ ಸಿಡಿಯಲ್ವೇನೇ?" ಅಂದ್ರು. ಅಷ್ಟೇ ಅಂದಿದ್ದು. ನಾನು ಸುಮ್ಮನೆ ಹೋಗಿ ಹಾಳೆ ತಂದು ಮೂರು ಕಾಲಂ ಹಾಕಿದೆ. ಒಗ್ಗರಣೆ ಕಲೆ ಸವಕಳಿ ಕಾಲಂಗೆ ಹೋಯ್ತು. ಅಡ್ವಾನ್ಸಿನಲ್ಲಿ ಒಂದು ಕಿಟಕಿ ಗಾಜಿನ ದುಡ್ಡು ಮಾತ್ರ ಕಮ್ಮಿ ಆಯ್ತು.

ಲಕ್ಷಗಟ್ಟಲೆ ಕೊಟ್ಟು ಭೋಗ್ಯಕ್ಕೆ ಮನೆ ಹಿಡಿಯುವವರ ಕಷ್ಟ ಇದಕ್ಕಿಂತ ದೊಡ್ಡದು, ಅದನ್ನ ಇನ್ನೊಂದು ಸಂಚಿಕೆಯಲ್ಲಿ ಮಾತಾಡೋಣ. ಈ ತಿಂಗಳು ಮನೆ ಬದಲಿಸ್ತಿರೋರು ಹೊಸ ಮನೆಯಲ್ಲಿ ಹಾಲು ಉಕ್ಕಿಸೋಕೆ ಮುಂಚೆ ಖಾಲಿ ಗೋಡೆಗಳ ಫೋಟೋ ತೆಗೆದುಕೊಳ್ಳಿ.